ಸುಣ್ಣದ ನೀರು ಸಂಯುಕ್ತವೋ, ದ್ರಾವಣವೋ, ಬರೀ ಮಿಶ್ರಣವೋ?

ಹಾಸನದ ಅಮ್ಮ · ಭಾನುವಾರ ಬೆಳಗ್ಗೆ 10:20

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಹೋದ ವಾರ ವಿಜ್ಞಾನದ ಟೆಸ್ಟ್ ಇತ್ತು. ಐದು ವಸ್ತು ಕೊಟ್ಟು, ಯಾವುದು ಸಂಯುಕ್ತ, ಯಾವುದು ಮಿಶ್ರಣ, ಯಾವುದು ದ್ರಾವಣ ಅಂತ ಬರೆಯಬೇಕಿತ್ತು. ಅಡುಗೆ ಉಪ್ಪು, ಗಾಳಿ, ಹಾಲು, ಹಿತ್ತಾಳೆ, ಸುಣ್ಣದ ನೀರು.

ಸುಣ್ಣದ ನೀರಿಗೆ ಅವಳು "ಸಂಯುಕ್ತ" ಅಂತ ಬರೆದಿದ್ದಾಳೆ. ತಪ್ಪು ಅಂತ ಗೀಟು ಬಿದ್ದಿದೆ. ಮನೆಗೆ ಬಂದು ಒಂದೇ ವಾದ. "ಅಜ್ಜಿ ಮನೆಯಲ್ಲಿ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತ ಕುದಿದಿದ್ದನ್ನು ನಾನೇ ನೋಡಿದೀನಿ. ಸುಮ್ನೆ ಬೆರೆತರೆ ಹಾಗೆ ಕುದಿಯುತ್ತಾ? ಏನೋ ಹೊಸದು ಆಗಿರಲೇಬೇಕಲ್ವಾ?" ಅಂತಾಳೆ.

ನಿಜ ಹೇಳಬೇಕೆಂದರೆ ಅವಳ ಮಾತು ನನಗೂ ಸರಿ ಅನ್ನಿಸಿತು. ನಾನು ಓದಿದ್ದು ಕಾಮರ್ಸ್. ತಿಳಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ? ಹಾಲು, ಹಿತ್ತಾಳೆ ಬಗ್ಗೆಯೂ ಅವಳಿಗೆ ಅನುಮಾನ ಇದೆ.

---

ಪಿಯುಸಿ ಎರಡನೇ ವರ್ಷ · 10:41

ಅಕ್ಕ, ಸುಲಭ. ಮಿಶ್ರಣವನ್ನು ಸೋಸಿ, ಕುದಿಸಿ, ಬಸಿದು ಬೇರೆ ಮಾಡಬಹುದು. ಸಂಯುಕ್ತವನ್ನು ಹಾಗೆ ಮಾಡಲು ಆಗುವುದಿಲ್ಲ. ದ್ರಾವಣ ಎಂದರೆ ಎಲ್ಲ ಕಡೆ ಒಂದೇ ಸಮನಾಗಿರುವ ಮಿಶ್ರಣ. ಸುಣ್ಣದ ನೀರನ್ನು ಇಂಗಿಸಿದರೆ ಸುಣ್ಣ ಉಳಿಯುತ್ತದೆ. ಹಾಗಾಗಿ ಅದು ದ್ರಾವಣ.

---

ರಸಾಯನ ಮೇಷ್ಟ್ರು · 11:30

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಈ ಹುಡುಗಿಯ ಉತ್ತರಕ್ಕೆ ನಾನಾಗಿದ್ದರೆ ಗೀಟು ಹಾಕುವ ಮೊದಲು ಹತ್ತಿರ ಕರೆದು ಮಾತಾಡಿಸುತ್ತಿದ್ದೆ. ಅವಳು ನೋಡಿದ್ದು ಸರಿ. ನೋಡಿದ್ದಕ್ಕೆ ಕೊಟ್ಟ ಹೆಸರು ಮಾತ್ರ ಒಂದು ಹೆಜ್ಜೆ ಆಚೆ ಹೋಗಿದೆ.

ಸುಣ್ಣದ ಕಥೆ ಮೊದಲಿಂದ ನೋಡೋಣ. ಸುಣ್ಣದ ಕಲ್ಲು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕರಾವಳಿಯಲ್ಲಿ ಸುಡುವ ಚಿಪ್ಪೂ ಅದೇ. ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. 100 ಕಿಲೋ ಶುದ್ಧ ಕಲ್ಲಿಗೆ 56 ಕಿಲೋ ಸುಟ್ಟ ಸುಣ್ಣ, 44 ಕಿಲೋ ಅನಿಲ. ನೀವು ಹಾಸನದಲ್ಲಿ ಸುಡಿ, ಬಾಗಲಕೋಟೆಯಲ್ಲಿ ಸುಡಿ, ಕಲ್ಲು ಶುದ್ಧವಾಗಿದ್ದರೆ ಲೆಕ್ಕ ಇದೇ.

ಈ ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಮಗು ನೋಡಿದ ಕುದಿತ ಬರುತ್ತದೆ. ಅಲ್ಲಿ ನಿಜವಾಗಿಯೂ ಹೊಸ ವಸ್ತು ಹುಟ್ಟುತ್ತದೆ. 56 ಪಾಲು ಸುಟ್ಟ ಸುಣ್ಣ ಸರಿಯಾಗಿ 18 ಪಾಲು ನೀರನ್ನು ಹಿಡಿದುಕೊಂಡು 74 ಪಾಲು ಅರಳಿದ ಸುಣ್ಣ ಆಗುತ್ತದೆ. ಹಿಡಿದುಕೊಂಡ ಆ ನೀರು ಇನ್ನು ನೀರಲ್ಲ. ಮುಟ್ಟಿದರೆ ಒಣಪುಡಿ. ಬಟ್ಟೆಯಲ್ಲಿ ಹಿಂಡಿದರೂ ಒಂದು ಹನಿ ಬರುವುದಿಲ್ಲ. ಇದು ಸಂಯುಕ್ತ.

ಆಮೇಲೆ ನೀವು ಇನ್ನಷ್ಟು ನೀರು ಹಾಕುತ್ತೀರಿ. ಬೆಳ್ಳಗೆ ಹಾಲಿನ ಹಾಗೆ ಕಾಣುತ್ತದೆ. ಗೋಡೆಗೆ ಬಳಿಯುವ ಸುಣ್ಣ ಅದು. ಬಕೆಟ್ ಅರ್ಧ ದಿನ ಅಲುಗಾಡಿಸದೆ ಬಿಟ್ಟರೆ ಬಿಳಿ ತಳಕ್ಕೆ ಕೂರುತ್ತದೆ. ಹಾಗಾಗಿ ಬಳಿಯುವ ಸುಣ್ಣ ಬರೀ ಮಿಶ್ರಣ. ಪುಸ್ತಕದಲ್ಲಿ ಅದಕ್ಕೆ ನಿಲಂಬನ ಅನ್ನುತ್ತಾರೆ.

ಮೇಲೆ ನಿಂತ ತಿಳಿನೀರನ್ನು ನಿಧಾನವಾಗಿ ಬಸಿದುಕೊಳ್ಳಿ. ಕಣ್ಣಿಗೆ ಬರೀ ನೀರು. ಆದರೆ ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಅರಳಿದ ಸುಣ್ಣ ಕರಗಿದೆ. ಇದು ದ್ರಾವಣ.

ಒಂದೇ ಬಕೆಟ್ಟಿನಲ್ಲಿ ಮೂರೂ ಇವೆ. ಪ್ರಶ್ನೆ ಪತ್ರಿಕೆಯಲ್ಲಿ "ಸುಣ್ಣದ ತಿಳಿನೀರು" ಅಂತ ಬರೆದಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಒಂದು ಮುಖ್ಯವಾದ ಮಾತು. ಸುಟ್ಟ ಸುಣ್ಣದ ಹತ್ತಿರ ಮಕ್ಕಳನ್ನು ಬಿಡಬೇಡಿ. ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ನಾನು ಕ್ಲಾಸಿನಲ್ಲಿ ಇದನ್ನು ಎಂದೂ ಮಕ್ಕಳ ಕೈಯಿಂದ ಮಾಡಿಸಿಲ್ಲ.

---

ಹಾಸನದ ಅಮ್ಮ · 11:52

ಮೇಷ್ಟ್ರೇ, ಓದಿ ಹೇಳಿದೆ. "ಅಂದ್ರೆ ಕುದಿಯುವಾಗ ಸಂಯುಕ್ತ, ಆಮೇಲೆ ಮಿಶ್ರಣ, ತಿಳಿಯಾದ ಮೇಲೆ ದ್ರಾವಣ" ಅಂತ ತಾನೇ ಬರೆದುಕೊಂಡಳು. ಮುಖ ಅರಳಿತು. ತುಂಬಾ ಥ್ಯಾಂಕ್ಸ್.

---

ಪದಗಳ ಮನೆ · ಮಧ್ಯಾಹ್ನ 12:35

ನಾನು ಕನ್ನಡ ಮೇಡಂ, ವಿಜ್ಞಾನ ಅಲ್ಲ. ಆದರೂ ಇಲ್ಲಿ ಒಂದು ಮಾತು ಸೇರಿಸಬೇಕು ಅನ್ನಿಸುತ್ತಿದೆ.

ನಮ್ಮ "ಕರಗು" ಎಂಬ ಪದ ಎರಡು ಕೆಲಸ ಮಾಡುತ್ತದೆ. ಬೆಣ್ಣೆ ಬಿಸಿಗೆ ಕರಗುತ್ತದೆ. ಸಕ್ಕರೆ ನೀರಿಗೆ ಕರಗುತ್ತದೆ. ಮೊದಲನೆಯದರಲ್ಲಿ ಒಂದೇ ವಸ್ತು ಗಟ್ಟಿಯಿಂದ ನೀರಾಗುತ್ತದೆ. ಎರಡನೆಯದರಲ್ಲಿ ಒಂದು ವಸ್ತು ಇನ್ನೊಂದರೊಳಗೆ ಹರಡಿಕೊಳ್ಳುತ್ತದೆ. ಮಕ್ಕಳು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. "ಸಕ್ಕರೆ ನೀರಾಯ್ತು" ಅನ್ನುತ್ತಾರೆ. ಹಾಗಂದ ಮಗುವಿಗೆ ದ್ರಾವಣ ಅರ್ಥವಾಗುವುದು ಕಷ್ಟ.

ಇನ್ನೊಂದು ಕಡೆ ನಮ್ಮ ಅಡುಗೆಮನೆಯ ಮಾತು ಬಹಳ ನಿಖರ. ಹಿಟ್ಟು ಕಲಸುತ್ತೇವೆ, ಕರಗಿಸುವುದಿಲ್ಲ. ನೀರನ್ನು ಕದಡುತ್ತೇವೆ, ಆಗ ಬಗ್ಗಡವಾಗುತ್ತದೆ. ಬಿಟ್ಟರೆ ತಿಳಿಯಾಗುತ್ತದೆ. ತಳದಲ್ಲಿ ಗಸಿ ಉಳಿಯುತ್ತದೆ. "ಕದಡು, ಬಗ್ಗಡ, ತಿಳಿ, ಗಸಿ" ಈ ನಾಲ್ಕು ಪದ ಗೊತ್ತಿರುವ ಮಗುವಿಗೆ ನಿಲಂಬನ ಯಾವುದು, ದ್ರಾವಣ ಯಾವುದು ಅಂತ ಬೇರೆ ಹೇಳಿಕೊಡಬೇಕಿಲ್ಲ.

ಪಠ್ಯದ ಪದಗಳು ನನಗೆ ಚಿಂತೆ. ದ್ರವ, ದ್ರವ್ಯ, ದ್ರಾವಣ, ದ್ರಾವಕ, ದ್ರಾವ್ಯ. ಐದೂ ಒಂದೇ ಪುಟದಲ್ಲಿ ಬರುತ್ತವೆ. ಜೋರಾಗಿ ಓದಿದರೆ ಎಲ್ಲ ಒಂದೇ ಥರ ಕೇಳಿಸುತ್ತವೆ. "ಕರಗಿದ್ದು, ಕರಗಿಸಿದ್ದು" ಅಂತ ಮೊದಲು ಹೇಳಿ, ಆಮೇಲೆ ದ್ರಾವ್ಯ, ದ್ರಾವಕ ಅಂದರೆ ಮಕ್ಕಳಿಗೆ ಹಿಡಿತ ಸಿಗುತ್ತದೆ.

---

ರಸಾಯನ ಮೇಷ್ಟ್ರು · 12:50

ಮೇಡಂ, "ಕರಗು" ವಿಚಾರ ನೂರಕ್ಕೆ ನೂರು ನಿಜ. ಸಕ್ಕರೆ ಬಾಣಲೆಯಲ್ಲಿ ಕರಗುವುದು, ನೀರಿನಲ್ಲಿ ಕರಗುವುದು, ಎರಡನ್ನೂ ಒಟ್ಟಿಗೆ ಮಾಡಿ ತೋರಿಸಿದ ಮೇಲೇ ನನ್ನ ಕ್ಲಾಸಿನಲ್ಲಿ ಈ ಗೊಂದಲ ಕಡಿಮೆಯಾಗಿದ್ದು.

---

ಡಿಸ್ಟಿಲರಿ ಲ್ಯಾಬ್, ಮಂಡ್ಯ ಕಡೆ · 2:15

ಪಿಯುಸಿ ತಮ್ಮಾ, ನಿನ್ನ ಸೂತ್ರದಲ್ಲಿ ಒಂದು ತೊಂದರೆ ಇದೆ. ನಾನು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಕೆಲಸ ಮಾಡುವವನು. ನಮ್ಮಲ್ಲಿ ಕಾಕಂಬಿ ಹುಳಿಸಿ ಎಥೆನಾಲ್ ತೆಗೆಯುತ್ತಾರೆ. ಎಥೆನಾಲ್, ನೀರು ಎರಡೂ ಎಷ್ಟು ಬೇಕಾದರೂ ಒಂದರಲ್ಲಿ ಒಂದು ಬೆರೆಯುತ್ತವೆ. ಅಪ್ಪಟ ದ್ರಾವಣ. ಆದರೆ ಕುದಿಸಿ ಬೇರೆ ಮಾಡಲು ಹೋದರೆ ತೂಕದಲ್ಲಿ ಸುಮಾರು 95.6 ಶೇಕಡಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಸಲ ಭಟ್ಟಿ ಇಳಿಸಿದರೂ ಮೇಲೆ ಹೋಗುವ ಆವಿಯಲ್ಲೂ ಅದೇ ಪ್ರಮಾಣ, ಕೆಳಗೆ ಉಳಿಯುವುದರಲ್ಲೂ ಅದೇ ಪ್ರಮಾಣ. 78.2 ಡಿಗ್ರಿಯಲ್ಲಿ ಒಂದೇ ವಸ್ತುವಿನ ಹಾಗೆ ಕುದಿಯುತ್ತದೆ.

ನಿನ್ನ ಸೂತ್ರದ ಪ್ರಕಾರ ಅದನ್ನು ಸಂಯುಕ್ತ ಅನ್ನಬೇಕಾಗುತ್ತದೆ ಅಲ್ವಾ? ಆದರೆ ಅಲ್ಲ. ಒತ್ತಡ ಬದಲಾಯಿಸಿದರೆ ನಿಲ್ಲುವ ಆ ಪ್ರಮಾಣವೂ ಬದಲಾಗುತ್ತದೆ. ಸಂಯುಕ್ತ ಹಾಗೆ ಮಾಡುವುದಿಲ್ಲ. ನೀರಿನಲ್ಲಿ ಒಂದು ಗ್ರಾಂ ಹೈಡ್ರೋಜನ್‌ಗೆ ಎಂಟು ಗ್ರಾಂ ಆಕ್ಸಿಜನ್ ಇರುತ್ತದೆ. ಒತ್ತಡ ಎಷ್ಟೇ ಇರಲಿ.

ಪೆಟ್ರೋಲಿಗೆ ಬೆರೆಸುವ ಎಥೆನಾಲ್ 99.5 ಶೇಕಡಾ ಇರಬೇಕು. ಆ ಕೊನೆಯ ನೀರನ್ನು ತೆಗೆಯಲು ಆವಿಯನ್ನು ಸಣ್ಣ ರಂಧ್ರಗಳ ಕಾಳುಗಳ ಮೇಲೆ ಹಾಯಿಸುತ್ತೇವೆ. ನೀರಿನ ಅಣು ಚಿಕ್ಕದು, ರಂಧ್ರದೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎಥೆನಾಲ್ ದೊಡ್ಡದು, ಒಳಗೆ ಹಿಡಿಸದೆ ಮುಂದೆ ಹೋಗುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. 50 ಮಿಲಿ ಎಥೆನಾಲ್, 50 ಮಿಲಿ ನೀರು ಬೆರೆಸಿದರೆ 100 ಆಗುವುದಿಲ್ಲ. 96, 97 ಮಿಲಿ ಅಷ್ಟೇ. ಕೈಗೆ ಸ್ವಲ್ಪ ಬೆಚ್ಚಗೂ ಅನ್ನಿಸುತ್ತದೆ. ಆದ್ದರಿಂದ "ಬಿಸಿಯಾಯ್ತು, ಹಾಗಾದ್ರೆ ಸಂಯುಕ್ತ" ಅನ್ನುವುದೂ ಯಾವಾಗಲೂ ನಡೆಯುವುದಿಲ್ಲ.

---

ಅಕ್ಕಸಾಲಿ ಬೀದಿ · 3:05

ಅಣ್ಣ ಹೇಳಿದ್ದಕ್ಕೆ ನಮ್ಮ ಕೆಲಸದಲ್ಲೂ ಸಾಕ್ಷಿ ಇದೆ. 22 ಕ್ಯಾರೆಟ್ ಬಂಗಾರ ಅಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ, ಶೇಕಡಾ 91.6. ಒಡವೆಯ ಮೇಲೆ 916 ಅಂತ ಮುದ್ರೆ ಇರುವುದು ಅದಕ್ಕೇ. ಉಳಿದದ್ದು ಬೆಳ್ಳಿ, ತಾಮ್ರ. 18 ಕ್ಯಾರೆಟ್ ಮಾಡಿದರೆ 75. ನಡುವೆ 20 ಬೇಕಾದರೂ ಮಾಡಿಕೊಡಬಹುದು. ತಾಮ್ರ ಜಾಸ್ತಿ ಹಾಕಿದರೆ ಕೆಂಪು ಛಾಯೆ, ಬೆಳ್ಳಿ ಜಾಸ್ತಿ ಹಾಕಿದರೆ ಬಿಳಿಚು. ಪಾಲು ನಮ್ಮ ಕೈಯಲ್ಲಿದೆ. ಆದ್ದರಿಂದ ಅದು ಬೆರಕೆ, ಸಂಯುಕ್ತ ಅಲ್ಲ.

ಆದರೆ ಆ ಬೆರಕೆಯಿಂದ ಚಿನ್ನ ಮಾತ್ರ ತೆಗೆಯಬೇಕಾದರೆ ಸೋಸಿ, ಕುದಿಸಿ ಆಗುವುದಿಲ್ಲ. ನೈಟ್ರಿಕ್ ಆಸಿಡ್ ಬೇಕು. ಅದು ಬೆಳ್ಳಿ, ತಾಮ್ರವನ್ನು ತಿನ್ನುತ್ತದೆ, ಚಿನ್ನವನ್ನು ಮುಟ್ಟುವುದಿಲ್ಲ. ಚಿನ್ನದ ಪಾಲು ಜಾಸ್ತಿ ಇದ್ದರೆ ಆಸಿಡ್ ಒಳಗೆ ಇಳಿಯುವುದೇ ಇಲ್ಲ. ಅದಕ್ಕೆ ಮೊದಲು ಇನ್ನೂ ಬೆಳ್ಳಿ ಸೇರಿಸಿ ಕರಗಿಸಿ, ಚಿನ್ನ ಕಾಲು ಭಾಗಕ್ಕೆ ಬರುವ ಹಾಗೆ ಮಾಡಿಕೊಳ್ಳುತ್ತಾರೆ. ಆಮೇಲೆ ಆಸಿಡ್. ತಳದಲ್ಲಿ ಕಂದು ಪುಡಿ ಉಳಿಯುತ್ತದೆ. ಅದೇ ಚಿನ್ನ. ಮೊದಲ ಸಲ ನೋಡಿದವರಿಗೆ ನಂಬಿಕೆಯೇ ಬರುವುದಿಲ್ಲ.

ಹಿತ್ತಾಳೆ ಕೂಡ ಹೀಗೆಯೇ, ತಾಮ್ರ ಮತ್ತು ಸತು. ಪಾಲು ಬದಲಾಯಿಸಿದರೆ ಬಣ್ಣ, ಗಡಸುತನ ಬದಲಾಗುತ್ತದೆ. ಮಗು ಹಿತ್ತಾಳೆಗೆ ಏನು ಬರೆದಿದ್ದಾಳೆ ಮೇಡಂ?

---

ಹಾಸನದ ಅಮ್ಮ · 3:20

"ಮಿಶ್ರಣ" ಅಂತ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾಳೆ. ಅದಕ್ಕೆ ಸರಿ ಸಿಕ್ಕಿದೆ. "ಗಟ್ಟಿ ವಸ್ತು ದ್ರಾವಣ ಆಗೋದು ಹೇಗೆ?" ಅನ್ನುವುದು ಅವಳ ಅನುಮಾನ.

---

ರಸಾಯನ ಮೇಷ್ಟ್ರು · 3:48

ಗಟ್ಟಿಯೂ ದ್ರಾವಣ ಆಗಬಹುದು ಅಂತ ಹೇಳಿ. ದ್ರಾವಣಕ್ಕೆ ನೀರೇ ಬೇಕು ಅಂತಿಲ್ಲ. ಪರಮಾಣು ಮಟ್ಟದಲ್ಲಿ ಹರಡಿಕೊಂಡು ಎಲ್ಲ ಕಡೆ ಒಂದೇ ಸಮ ಇದ್ದರೆ ಸಾಕು. 22 ಕ್ಯಾರೆಟ್ ಬಂಗಾರ ಗಟ್ಟಿ ದ್ರಾವಣ. ಸತು ಮೂರನೇ ಒಂದು ಪಾಲಿಗಿಂತ ಕಡಿಮೆ ಇರುವ ಹಿತ್ತಾಳೆಯೂ ಅದೇ. ಸೋಡಾ ಅಂದರೆ ಅನಿಲ ನೀರಿನಲ್ಲಿ ಕರಗಿದ ದ್ರಾವಣ. ಗಾಳಿ ಅನಿಲದಲ್ಲಿ ಅನಿಲ.

ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಪ್ರಶ್ನೆಯಲ್ಲಿ "ಸಂಯುಕ್ತ, ಮಿಶ್ರಣ, ದ್ರಾವಣ" ಅಂತ ಮೂರು ಬೇರೆ ಡಬ್ಬಿಗಳ ಹಾಗೆ ಕೊಟ್ಟಿದ್ದಾರೆ. ದ್ರಾವಣ ಮಿಶ್ರಣದ ಒಳಗಿನ ಒಂದು ಬಗೆ. ಹಣ್ಣು, ತರಕಾರಿ, ಮಾವು ಅಂತ ಮೂರು ಗುಂಪು ಮಾಡಿ ಅಂದ ಹಾಗಾಯಿತು ಇದು. ಮಗು ಗೊಂದಲಪಟ್ಟರೆ ಅದು ಅವಳ ತಪ್ಪಲ್ಲ.

---

ಪಿಯುಸಿ ಎರಡನೇ ವರ್ಷ · 4:10

ಸರಿ, ಬೇರ್ಪಡಿಸುವ ಸೂತ್ರ ಬಿಡ್ತೀನಿ. ಪಾಲು ಸ್ಥಿರವಾಗಿದ್ದರೆ ಸಂಯುಕ್ತ, ಬದಲಾದರೆ ಮಿಶ್ರಣ. ಹಾಗಿದ್ರೆ ಗಾಳಿ? ಎಲ್ಲಿ ಹೋದರೂ ನೈಟ್ರೋಜನ್ 78, ಆಕ್ಸಿಜನ್ 21. ಸ್ಥಿರ ಅಲ್ವಾ ಸರ್?

ಇನ್ನೊಂದು. ಉಪ್ಪು ನೀರಲ್ಲಿ ಕರಗಿದಾಗ ಸೋಡಿಯಂ ಅಯಾನು, ಕ್ಲೋರೈಡ್ ಅಯಾನು (ಅಂದ್ರೆ ವಿದ್ಯುದಾವೇಶ ಇರುವ ಪರಮಾಣುಗಳು) ಬೇರೆ ಬೇರೆ ಆಗ್ತವೆ. ಹಾಗಾದ್ರೆ ಸಂಯುಕ್ತ ಒಡೆದು ಹೋಯ್ತು. ಕರಗುವುದು ರಾಸಾಯನಿಕ ಬದಲಾವಣೆ ಯಾಕಲ್ಲ?

---

ರಸಾಯನ ಮೇಷ್ಟ್ರು · ಸಂಜೆ 5:25

ಎರಡೂ ಬಹಳ ಒಳ್ಳೆಯ ಪ್ರಶ್ನೆ ಕಣಪ್ಪಾ.

ಗಾಳಿಯ ಪಾಲು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಇರುವುದು ಬೀಸುವ ಗಾಳಿ ಅದನ್ನು ಸದಾ ಕಲಕುತ್ತಿರುವುದರಿಂದ. ಅದು ಸಂಯುಕ್ತದ ಕಟ್ಟುಪಾಡಲ್ಲ. ತೇವಾಂಶ ನೋಡಿ. ಬೇಸಿಗೆಯ ರಾಯಚೂರಿಗೂ ಮಳೆಗಾಲದ ಆಗುಂಬೆಗೂ ಎಷ್ಟು ವ್ಯತ್ಯಾಸ! ಗಾಳಿಯನ್ನು ತಂಪು ಮಾಡಿ ದ್ರವ ಮಾಡಿದರೆ ನೈಟ್ರೋಜನ್ ಮೈನಸ್ 196 ಡಿಗ್ರಿಯಲ್ಲಿ ಕುದಿಯುತ್ತದೆ, ಆಕ್ಸಿಜನ್ ಮೈನಸ್ 183ರಲ್ಲಿ. ಆಸ್ಪತ್ರೆಯ ಆಕ್ಸಿಜನ್ ಟ್ಯಾಂಕರ್ ಬರುವುದು ಹೀಗೆ ಬೇರೆ ಮಾಡಿದ್ದರಿಂದ. ನನಗೆ ಅತಿ ಇಷ್ಟವಾದ ಸಾಕ್ಷಿ ಇನ್ನೊಂದು. ಕೆರೆ ನೀರಿನಲ್ಲಿ ಕರಗಿದ ಗಾಳಿಯನ್ನು ಹೊರಗೆ ತೆಗೆದು ಅಳೆದರೆ ಆಕ್ಸಿಜನ್ 21 ಇರುವುದಿಲ್ಲ, ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಆಕ್ಸಿಜನ್ ನೀರಿಗೆ ಹೆಚ್ಚು ಕರಗುತ್ತದೆ, ನೈಟ್ರೋಜನ್ ಕಡಿಮೆ. ಎರಡೂ ಒಂದನ್ನೊಂದು ಕಟ್ಟಿಕೊಂಡಿದ್ದರೆ ಹೀಗೆ ಬೇರೆ ಬೇರೆಯಾಗಿ ವರ್ತಿಸಲು ಸಾಧ್ಯವೇ ಇಲ್ಲ. ಮೀನು ಉಸಿರಾಡುವುದು ಈ ಬೆರಕೆಯ ಗಾಳಿಯನ್ನೇ.

ಗಾಳಿಯಲ್ಲಿ ಸುಮಾರು ಒಂದು ಶೇಕಡಾ ಆರ್ಗಾನ್ ಅಡಗಿತ್ತು. 1894ರ ತನಕ ಅದು ಯಾರಿಗೂ ಸಿಕ್ಕಿರಲಿಲ್ಲ. ಗಾಳಿಯಿಂದ ತೆಗೆದ ನೈಟ್ರೋಜನ್ ಸಂಯುಕ್ತಗಳಿಂದ ತೆಗೆದ ನೈಟ್ರೋಜನ್‌ಗಿಂತ ಅರ್ಧ ಶೇಕಡಾ ಭಾರ ಬರುತ್ತಿದೆ ಅಂತ ಬ್ರಿಟನ್ನಿನ ವಿಜ್ಞಾನಿ ರ‍್ಯಾಲೆ ಗಮನಿಸಿದರು. ಆ ಅರ್ಧ ಶೇಕಡಾವನ್ನು ತೂಕದ ತಪ್ಪು ಅಂತ ಬಿಡಲಿಲ್ಲ. ರ‍್ಯಾಮ್ಸೆ ಜೊತೆ ಹುಡುಕಿ ಹೊಸ ಧಾತುವನ್ನೇ ಕಂಡುಹಿಡಿದರು. ಸಂಯುಕ್ತದಿಂದ ತೆಗೆದದ್ದು ಶುದ್ಧ, ಮಿಶ್ರಣದಿಂದ ತೆಗೆದದ್ದರಲ್ಲಿ ಇನ್ನೇನೋ ಉಳಿದಿತ್ತು.

ಉಪ್ಪಿನ ವಿಷಯ. ಉಪ್ಪಿನ ಹರಳಿನಲ್ಲಿ ಸೋಡಿಯಂ, ಕ್ಲೋರಿನ್ ಮೊದಲೇ ಅಯಾನುಗಳಾಗಿಯೇ ಇವೆ. ಗೋಡೆಯ ಇಟ್ಟಿಗೆಗಳ ಹಾಗೆ ಸಾಲಾಗಿ ಜೋಡಿಸಿವೆ. ನೀರು ಆ ಗೋಡೆಯನ್ನು ಬಿಚ್ಚುತ್ತದೆ, ಇಟ್ಟಿಗೆಯನ್ನು ಬದಲಾಯಿಸುವುದಿಲ್ಲ. ಇಂಗಿಸಿದರೆ ಮತ್ತೆ ಅದೇ ಗೋಡೆ. ನಿಜವಾದ ಬದಲಾವಣೆ ನಡೆದದ್ದು ಉಪ್ಪು ಹುಟ್ಟಿದಾಗ. ನೀರಿಗೆ ಬಿದ್ದರೆ ಉರಿಯುವ ಸೋಡಿಯಂ, ಉಸಿರುಗಟ್ಟಿಸುವ ಕ್ಲೋರಿನ್, ಎರಡೂ ತಮ್ಮ ಗುಣ ಬಿಟ್ಟು ನಮ್ಮ ಸಾರಿಗೆ ಹಾಕುವ ಉಪ್ಪಾದವು. 100 ಗ್ರಾಂ ಉಪ್ಪಿನಲ್ಲಿ 39 ಗ್ರಾಂ ಸೋಡಿಯಂ, 61 ಗ್ರಾಂ ಕ್ಲೋರಿನ್. ಸಾರಿನಲ್ಲಿ ಉಪ್ಪು ಎಷ್ಟು ಅನ್ನುವುದು ನಿಮ್ಮ ಇಷ್ಟ. ಉಪ್ಪಿನೊಳಗೆ ಸೋಡಿಯಂ ಎಷ್ಟು ಅನ್ನುವುದು ಯಾರ ಇಷ್ಟವೂ ಅಲ್ಲ.

---

ಹಾಲಿನ ಡೇರಿ, ಕೋಲಾರ · 6:40

ಹಾಲಿನ ಬಗ್ಗೆ ಯಾರೂ ಹೇಳಿಲ್ಲ. ನಾನು ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು, ಹೇಳ್ತೀನಿ.

ಹಾಲು ಒಂದೇ ಡಬ್ಬಿಗೆ ಹೋಗುವ ವಸ್ತುವಲ್ಲ. ಹಸುವಿನ ಹಾಲಿನಲ್ಲಿ ಸುಮಾರು 87 ಶೇಕಡಾ ನೀರು. ಅದರಲ್ಲಿ ಲ್ಯಾಕ್ಟೋಸ್ ಸಕ್ಕರೆ, ಲವಣಗಳು ನಿಜವಾಗಿ ಕರಗಿವೆ. ಆ ಭಾಗ ದ್ರಾವಣ. ಕೇಸಿನ್ ಎಂಬ ಪ್ರೋಟೀನ್ ಸಣ್ಣ ಸಣ್ಣ ಗುಂಪುಗಳಾಗಿ ತೇಲುತ್ತದೆ. ಕರಗಿರುವುದೂ ಇಲ್ಲ, ತಳಕ್ಕೆ ಕೂರುವುದೂ ಇಲ್ಲ. ಅದು ಕಲಿಲ. ಜಿಡ್ಡು ಸಣ್ಣ ಹನಿಗಳಾಗಿ ತೇಲುತ್ತದೆ, ಬಿಟ್ಟರೆ ಮೇಲೆ ಕೆನೆ ಕಟ್ಟುತ್ತದೆ.

ಇದು ಪುಸ್ತಕದ ಮಾತು ಮಾತ್ರ ಅಲ್ಲ. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಹಿಡಿಯುವುದೇ ಇದರಿಂದ. ಹಾಲು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವುದಿಲ್ಲ. ಸುಮಾರು ಮೈನಸ್ 0.52 ಡಿಗ್ರಿಗೆ ಕಟ್ಟುತ್ತದೆ. ಕೆಳಗೆ ಇಳಿಸುವುದು ಕರಗಿದ ಸಕ್ಕರೆ, ಲವಣ ಮಾತ್ರ. ಜಿಡ್ಡು ಕರಗಿಲ್ಲವಲ್ಲ, ಅದಕ್ಕೆ ಲೆಕ್ಕವಿಲ್ಲ. ಎಮ್ಮೆ ಹಾಲಿನಲ್ಲಿ ಜಿಡ್ಡು ಹಸುವಿನದಕ್ಕಿಂತ ಎರಡರಷ್ಟು ಹತ್ತಿರ ಇದ್ದರೂ ಹೆಪ್ಪುಗಟ್ಟುವ ಡಿಗ್ರಿ ಹೆಚ್ಚುಕಡಿಮೆ ಒಂದೇ. ನೀರು ಬೆರೆಸಿದರೆ ಅದು ಸೊನ್ನೆಯ ಕಡೆ ಜರುಗುತ್ತದೆ. ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್‌ಗೆ ಮೋಸ ಮಾಡಬಹುದು. ಕೆನೆ ತೆಗೆದರೆ ಹಾಲು ಗಟ್ಟಿ ತೋರಿಸುತ್ತದೆ, ನೀರು ಹಾಕಿದರೆ ತೆಳು ತೋರಿಸುತ್ತದೆ, ಎರಡೂ ಮಾಡಿದರೆ ಸರಿಹೋಗುತ್ತದೆ. ಹೆಪ್ಪುಗಟ್ಟುವ ಡಿಗ್ರಿಗೆ ಆ ಮೋಸ ನಡೆಯುವುದಿಲ್ಲ.

ಮನೆಯಲ್ಲಿ ನೋಡಬೇಕಾದರೆ ರಾತ್ರಿ ಲೈಟ್ ಆರಿಸಿ ಎರಡು ಗ್ಲಾಸ್ ನೀರು ಇಡಿ. ಒಂದಕ್ಕೆ ಒಂದು ಚಮಚ ಉಪ್ಪು, ಇನ್ನೊಂದಕ್ಕೆ ಎರಡು ಹನಿ ಹಾಲು. ಪಕ್ಕದಿಂದ ಟಾರ್ಚ್ ಬಿಡಿ. ಉಪ್ಪು ನೀರಿನಲ್ಲಿ ಬೆಳಕಿನ ದಾರಿ ಕಾಣುವುದಿಲ್ಲ. ಹಾಲು ಹಾಕಿದ್ದರಲ್ಲಿ ಕೋಲಿನ ಹಾಗೆ ಎದ್ದು ಕಾಣುತ್ತದೆ.

ಮಜ್ಜಿಗೆ ಕಡೆದು ಬೆಣ್ಣೆ ತೆಗೆಯುವುದು ಮಿಶ್ರಣ ಬೇರೆ ಮಾಡುವ ಕೆಲಸ. ಹಾಲು ಹೆಪ್ಪಾಗಿ ಮೊಸರಾಗುವುದು ಮಾತ್ರ ರಾಸಾಯನಿಕ. ಲ್ಯಾಕ್ಟೋಸ್ ಹೋಗಿ ಲ್ಯಾಕ್ಟಿಕ್ ಆಮ್ಲ ಬರುತ್ತದೆ. ಮೊಸರಿನಿಂದ ಹಾಲು ತಿರುಗಿ ಬರುವುದಿಲ್ಲ.

---

ಬೀದರ್ ಕೋಟೆ ಪಕ್ಕ · ರಾತ್ರಿ 7:55

ನಮ್ಮೂರಿನ ಬಿದರಿ ಹೂಜಿಯಲ್ಲಿ ಈ ಇಡೀ ಪಾಠ ಇದೆ. ಹೂಜಿಯ ಮೈ ಸತು ಮತ್ತು ತಾಮ್ರದ ಬೆರಕೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ರೂಢಿ. ಮೇಲೆ ಕೆತ್ತಿ ಬೆಳ್ಳಿ ತಂತಿ, ತಗಡು ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಸೇರಿಸಿದ ನೀರಿನಲ್ಲಿ ಬಿಸಿ ಮಾಡುತ್ತಾರೆ. ಬೆರಕೆ ಲೋಹದ ಮೇಲ್ಮೈ ರಾಸಾಯನಿಕವಾಗಿ ಬದಲಾಗಿ ಕಡು ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಹೊಳೆಯುತ್ತದೆ. ಒಳಗೆ ಮಿಶ್ರಣ, ಮೇಲೆ ಸಂಯುಕ್ತದ ತೆಳು ಪದರ, ನಡುವೆ ಬೆಳ್ಳಿ. ಬದಲಾದದ್ದೂ ಬದಲಾಗದ್ದೂ ಪಕ್ಕಪಕ್ಕದಲ್ಲಿ ಕಾಣುವುದರಿಂದಲೇ ಅದು ಅಷ್ಟು ಚೆಂದ.

---

ಪದಗಳ ಮನೆ · 8:10

ಹಾಗಾದರೆ ಓಕುಳಿ ನೀರು? ಅರಿಶಿನ, ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಗೆ ದಿನವೂ ಮಾಡುತ್ತೇವೆ. ಹಳದಿ ಹೋಗಿ ಕೆಂಪು ಬಂತು ಅಂದರೆ ಹೊಸ ವಸ್ತು ಹುಟ್ಟಿತು ಅಂತಲೇ?

---

ರಸಾಯನ ಮೇಷ್ಟ್ರು · 8:32

ಹೌದು ಮೇಡಂ. ಅರಿಶಿನದ ಬಣ್ಣ ಕೊಡುವ ಕುರ್ಕುಮಿನ್ ಸುಣ್ಣದ ಎದುರು ತನ್ನ ಒಂದು ಹೈಡ್ರೋಜನ್ ಬಿಟ್ಟುಕೊಡುತ್ತದೆ. ಆ ಬದಲಾದ ರೂಪ ಕೆಂಪು. ನಿಂಬೆರಸ ಹಿಂಡಿ ನೋಡಿ, ಹಳದಿ ಮರಳುತ್ತದೆ. "ಹಿಂದಕ್ಕೆ ಬಂದರೆ ಭೌತಿಕ, ಬಾರದಿದ್ದರೆ ರಾಸಾಯನಿಕ" ಅಂತ ಬಾಯಿಪಾಠ ಮಾಡಿದ ಮಕ್ಕಳು ಇಲ್ಲಿ ಎಡವುತ್ತಾರೆ. ರಾಸಾಯನಿಕ ಬದಲಾವಣೆಯೂ ಹಿಂದಕ್ಕೆ ಬರಬಹುದು. ಆದರೆ ತಟ್ಟೆಯಲ್ಲಿರುವ ಓಕುಳಿ ಒಟ್ಟಾರೆ ಮಿಶ್ರಣವೇ. ಅದರಲ್ಲಿ ನೀರಿದೆ, ಸುಣ್ಣವಿದೆ, ಅರಿಶಿನದ ಪುಡಿ ಇದೆ, ಜೊತೆಗೆ ಹೊಸದಾಗಿ ಹುಟ್ಟಿದ್ದೂ ಇದೆ.

---

ಡಿಸ್ಟಿಲರಿ ಲ್ಯಾಬ್, ಮಂಡ್ಯ ಕಡೆ · 9:05

ಮೇಷ್ಟ್ರೇ, ಪ್ರೂಸ್ಟ್ ಮತ್ತು ಬರ್ತೊಲೆಯ ಜಗಳ ಹೇಳಿ. ನಾನು ಓದುವಾಗ ನಮ್ಮ ಲೆಕ್ಚರರ್ ಹೇಳಿದ್ದು ಇನ್ನೂ ನೆನಪಿದೆ.

---

ರಸಾಯನ ಮೇಷ್ಟ್ರು · 9:50

ಹೇಳಬೇಕಾದದ್ದೇ. ಯಾಕೆಂದರೆ ಈ ಮಗು ಎಡವಿದ ಜಾಗದಲ್ಲೇ ಯುರೋಪಿನ ಇಬ್ಬರು ದೊಡ್ಡ ರಸಾಯನ ವಿಜ್ಞಾನಿಗಳು ಹತ್ತಿರ ಹತ್ತಿರ ಹತ್ತು ವರ್ಷ ವಾದ ಮಾಡಿದ್ದಾರೆ.

ಪ್ರೂಸ್ಟ್ ಫ್ರಾನ್ಸಿನವರು, ಕೆಲಸ ಮಾಡಿದ್ದು ಸ್ಪೇನಿನಲ್ಲಿ. 1799ರಲ್ಲಿ ತಾಮ್ರದ ಕಾರ್ಬೊನೇಟ್ ಬಗ್ಗೆ ಬರೆದರು. ಗಣಿಯಲ್ಲಿ ಸಿಕ್ಕಿದ್ದಾದರೂ ಅಷ್ಟೇ, ತಮ್ಮ ಲ್ಯಾಬಿನಲ್ಲಿ ಮಾಡಿದ್ದಾದರೂ ಅಷ್ಟೇ, ತಾಮ್ರದ ಪಾಲು ಒಂದೇ. ಸಂಯುಕ್ತದಲ್ಲಿ ಪಾಲು ಸ್ಥಿರ ಅಂದರು.

ಬರ್ತೊಲೆ ಒಪ್ಪಲಿಲ್ಲ. ಅವರು ಸಾಮಾನ್ಯ ಮನುಷ್ಯರಲ್ಲ. ನೆಪೋಲಿಯನ್ ಜೊತೆ 1798ರಲ್ಲಿ ಈಜಿಪ್ಟಿಗೆ ಹೋಗಿದ್ದರು. ಅಲ್ಲಿನ ಉಪ್ಪಿನ ಕೆರೆಗಳ ದಡದಲ್ಲಿ ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ ಬಟ್ಟೆ ಒಗೆಯುವ ಸೋಡಾ (ಸೋಡಿಯಂ ಕಾರ್ಬೊನೇಟ್) ಹುಟ್ಟುತ್ತಿರುವುದನ್ನು ಕಂಡರು. ಲ್ಯಾಬಿನಲ್ಲಿ ಇದು ತಿರುಗಾಮುರುಗಾ ನಡೆಯುತ್ತದೆ. ವಸ್ತು ಎಷ್ಟು ಇದೆ ಅನ್ನುವುದರ ಮೇಲೆ ಕ್ರಿಯೆಯ ದಿಕ್ಕೇ ಬದಲಾಗುತ್ತದೆ ಅಂತ ಅವರು ಕಂಡುಕೊಂಡದ್ದು ಬಹಳ ದೊಡ್ಡ ವಿಷಯ. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಂಯುಕ್ತದ ಪಾಲೂ ಹಾಗೇ ಬದಲಾಗಬಹುದು ಅಂದರು. ಉದಾಹರಣೆ ಕೊಟ್ಟರು. ಮಿಶ್ರಲೋಹ ನೋಡಿ, ಗಾಜು ನೋಡಿ, ದ್ರಾವಣ ನೋಡಿ, ಪಾಲು ಬೇಕಾದ ಹಾಗೆ ಇಲ್ಲವೇ?

ಪ್ರೂಸ್ಟ್ ಉತ್ತರ ಕೊಟ್ಟದ್ದು ಇಲ್ಲೇ. ಅವು ಸಂಯುಕ್ತಗಳಲ್ಲ, ಬೇರೆಯೇ ಬಗೆ ಅಂದರು. ಲೋಹದ ಆಕ್ಸೈಡುಗಳನ್ನು ತೂಗಿ ತೋರಿಸಿದರು. ತವರಕ್ಕೆ ಎರಡು ಆಕ್ಸೈಡ್ ಇವೆ. ಒಂದರಿಂದ ಇನ್ನೊಂದಕ್ಕೆ ಜಿಗಿತ, ನಡುವೆ ಮೆಟ್ಟಿಲು ಇಲ್ಲ. ನಡುವಿನ ಪಾಲು ಸಿಕ್ಕಿದರೆ ಅದು ಎರಡರ ಬೆರಕೆ. ಹಾಗೆ ದ್ರಾವಣ ಮತ್ತು ಸಂಯುಕ್ತದ ನಡುವೆ ಗೆರೆ ಬಿತ್ತು. 1808ರಲ್ಲಿ ಡಾಲ್ಟನ್ ತಮ್ಮ ಪರಮಾಣು ಸಿದ್ಧಾಂತ ಪ್ರಕಟಿಸಿದಾಗ ಜಿಗಿತಕ್ಕೆ ಕಾರಣವೂ ತಿಳಿಯಿತು. ಅರ್ಧ ಪರಮಾಣು ಇರುವುದಿಲ್ಲವಲ್ಲ.

ಬರ್ತೊಲೆ ಪೂರ್ತಿ ಸೋತರು ಅಂತ ಹೇಳಲು ನನಗೆ ಮನಸ್ಸಿಲ್ಲ. ಕಬ್ಬಿಣದ ಒಂದು ಆಕ್ಸೈಡಿನಲ್ಲಿ 100 ಆಕ್ಸಿಜನ್ ಪರಮಾಣುಗಳಿಗೆ ಸುಮಾರು 95 ಕಬ್ಬಿಣದ ಪರಮಾಣು ಮಾತ್ರ ಇರುತ್ತವೆ. ಅದೂ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಹರಳಿನಲ್ಲಿ ಅಲ್ಲಲ್ಲಿ ಜಾಗ ಖಾಲಿ ಇರುವುದರಿಂದ ಹಾಗೆ. ಇಂಥ ಸಂಯುಕ್ತಗಳಿಗೆ ಬರ್ತೊಲೆಯ ಹೆಸರನ್ನೇ ಇಟ್ಟಿದ್ದಾರೆ. ಒಂಬತ್ತನೇ ಕ್ಲಾಸಿಗೆ ಇದು ಬೇಡ. ಆದರೆ ಪಿಯುಸಿ ಹುಡುಗ ಓದಲಿ ಅಂತ ಬರೆದೆ.

---

ಪಿಯುಸಿ ಎರಡನೇ ವರ್ಷ · 10:15

ಓದಿದೆ ಸರ್. ಹೆಸರು ನೋಟ್ಸಿನಲ್ಲಿ ಬರೆದುಕೊಂಡೆ. ಅಕ್ಕ, ಬೆಳಗ್ಗೆ ನಾನು ಸುಲಭ ಅಂದೆ. ಅಷ್ಟು ಸುಲಭ ಇರಲಿಲ್ಲ.

---

ಹಾಸನದ ಅಮ್ಮ · 10:30

ಮನೆಯಲ್ಲೇ ಸುರಕ್ಷಿತವಾಗಿ ಮಾಡಬಹುದಾದ ಒಂದು ಪ್ರಯೋಗ ಹೇಳ್ತೀರಾ ಮೇಷ್ಟ್ರೇ? ಸುಟ್ಟ ಸುಣ್ಣ ಮುಟ್ಟದೆ.

---

ರಸಾಯನ ಮೇಷ್ಟ್ರು · 10:44

ಎಲೆ ಅಡಿಕೆಗೆ ಹಚ್ಚುವ ಸುಣ್ಣ ಒಂದು ಚಮಚ ಸಾಕು. ಅದು ಅರಳಿದ ಸುಣ್ಣ. ಆದರೂ ಕೈ, ಕಣ್ಣು ಜೋಪಾನ. ನೀವು ಪಕ್ಕದಲ್ಲೇ ಇರಿ. ಒಂದು ಲೀಟರ್ ನೀರಿನಲ್ಲಿ ಕದಡಿ, ಮುಚ್ಚಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ತಿಳಿನೀರು ಬಸಿದುಕೊಳ್ಳಿ. ಅದನ್ನು ಕಾಲು ಲೋಟ ತೆಗೆದುಕೊಂಡು ತಣ್ಣನೆಯ ಪ್ಲೇನ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಿ. ನಿಲ್ಲಿಸಬೇಡಿ, ಲೋಟ ತುಂಬುವ ತನಕ ಹಾಕಿ. ಆಮೇಲೆ ಆ ನೀರನ್ನು ಕುದಿಸಿ. ಏನಾಗುತ್ತದೆ ಅಂತ ನಾನು ಈಗ ಹೇಳುವುದಿಲ್ಲ. ಬರೀ ಪ್ರಯೋಗ, ಕುಡಿಯಲು ಅಲ್ಲ.

---

ಹಾಸನದ ಅಮ್ಮ · ಸೋಮವಾರ ಸಂಜೆ 6:20

ಮಾಡಿದೆವು. ಸೋಡಾ ಎರಡು ಚಮಚ ಬಿದ್ದ ತಕ್ಷಣ ತಿಳಿನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮಗಳು ಕೂಗಿಬಿಟ್ಟಳು. ನೀವು ನಿಲ್ಲಿಸಬೇಡಿ ಅಂದಿದ್ದಿರಿ, ಹಾಕುತ್ತಲೇ ಹೋದೆವು. ಲೋಟ ತುಂಬುವ ಹೊತ್ತಿಗೆ ಬಿಳಿ ಮಾಯವಾಗಿ ಮತ್ತೆ ತಿಳಿಯಾಯಿತು. ಕುದಿಸಿದರೆ ಮತ್ತೆ ಬೆಳ್ಳಗೆ ಕದಡಿತು!

---

ರಸಾಯನ ಮೇಷ್ಟ್ರು · 6:35

ಮೊದಲ ಬಿಳಿ ಸುಣ್ಣದ ಕಲ್ಲೇ. ಗೂಡಿನಲ್ಲಿ ಕಳೆದುಕೊಂಡ ಕಾರ್ಬನ್ ಡೈಆಕ್ಸೈಡನ್ನು ಸೋಡಾದಿಂದ ತಿರುಗಿ ಪಡೆಯಿತು. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಅದೇ ಅನಿಲ ಹೀರಿಕೊಂಡು ಗಟ್ಟಿಯಾಗುವುದೂ ಹೀಗೆಯೇ. ಇನ್ನಷ್ಟು ಅನಿಲ ಸಿಕ್ಕಾಗ ಅದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗಿ ಕರಗಿಹೋಯಿತು. ಇದು ವಿಶೇಷವಾದ ವಸ್ತು. ದ್ರಾವಣದಲ್ಲಿ ಮಾತ್ರ ಇರುತ್ತದೆ, ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಇಡಲು ಆಗುವುದಿಲ್ಲ. ಕುದಿಸಿದಾಗ ಅನಿಲ ಹಾರಿಹೋಗಿ ಮತ್ತೆ ಕಲ್ಲಾಯಿತು. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯಲ್ಲಿ, ಗೀಸರಿನಲ್ಲಿ ಕಟ್ಟುವ ಬಿಳಿ ಪದರ ಇದೇ.

---

ಹಾಸನದ ಅಮ್ಮ · 6:50

ನಮ್ಮ ಸ್ನಾನದ ಹಂಡೆಯ ತಳದಲ್ಲಿ ಅಂಥ ಬಿಳಿ ಪದರ ವರ್ಷಗಳಿಂದ ಇದೆ. ಉಪ್ಪು ಅಂತಲೇ ಅಂದುಕೊಂಡಿದ್ದೆ. ಮಗಳು ಒಂದು ಚೂರು ಕೆರೆದು ತಂದು, ನಿಂಬೆಹಣ್ಣು ಹಿಂಡಿದಳು. ಬುಸಬುಸ ಅಂತ ಗುಳ್ಳೆ ಬರುತ್ತಿದೆ. "ಅಮ್ಮ, ಸೋಡಾದಲ್ಲಿದ್ದ ಅನಿಲ ಇದೇ ತಾನೆ?" ಅಂತ ಕೇಳ್ತಿದ್ದಾಳೆ.